ಇರೋ ದುಡ್ಡು ಒಂದಕ್ಕೇ ಸಾಲೋದು: ಇಂಜಿನ್ನಿಗೋ, ಬೋಗಿಗಳಿಗೋ?

ಮೂರು ಮೈಲಿ ಹಳಿ
ಬಲ್ಲವರು ಒಂದು ಮಾತು ಹೇಳಿ. ನಮ್ಮದು ಹಳೇ ಉಗಿ ರೈಲು ಉಳಿಸೋ ಸಣ್ಣ ಗುಂಪು. ಪಟ್ಟಿಯಲ್ಲಿ ನಲವತ್ತು ಹೆಸರಿದೆ, ಭಾನುವಾರ ಬಂದು ಕೈಗೆ ಗ್ರೀಸ್ ಹಚ್ಚಿಕೊಳ್ಳೋರು ಏಳು ಜನ. ನಮ್ಮ ಹತ್ರ ಇರೋದು ಒಂದು ನ್ಯಾರೋಗೇಜ್ ಟ್ಯಾಂಕ್ ಇಂಜಿನ್, ನಾಲ್ಕು ಮರದ ಬೋಗಿ, ಮೂರು ಮೈಲಿ ಹಳಿ. ಇಂಜಿನ್ನಿನ ಬಾಯ್ಲರ್ ಪ್ರಮಾಣಪತ್ರ ಮುಗಿದು ಆರು ವರ್ಷ ಆಯ್ತು. ಒಳಗೆ ಬಿಸಿ ಹೊಗೆ ಹಾಯೋ ಟ್ಯೂಬುಗಳನ್ನು ಕಳಚಿದ್ದೀವಿ, ಅಲ್ಲಿಗೆ ಕೆಲಸ ನಿಂತಿದೆ. ಬೋಗಿಗಳು ಬಯಲಲ್ಲೇ ಇವೆ, ಮೇಲೆ ಟಾರ್ಪಾಲು ಹೊದಿಸಿದ್ದೀವಿ.

ಈಗ ಹಿರಿಯರೊಬ್ಬರು ಒಂದಷ್ಟು ದುಡ್ಡು ಕೊಟ್ಟಿದ್ದಾರೆ. ಅದರಲ್ಲಿ ಇಂಜಿನ್ನಿಗೆ ಮತ್ತೆ ಉಗಿ ಬರಿಸಬಹುದು. ಇಲ್ಲಾಂದ್ರೆ ಬೋಗಿಗಳಿಗೆ ಗಟ್ಟಿ ಶೆಡ್ ಕಟ್ಟಿ, ಎರಡು ಬೋಗಿ ರಿಪೇರಿ ಮಾಡಬಹುದು. ಎರಡೂ ಆಗಲ್ಲ. ಗುಂಪು ಸರಿಯಾಗಿ ಅರ್ಧಕ್ಕೆ ಹೋಳಾಗಿದೆ. ಮೂರು ವಾರದಲ್ಲಿ ಮತ ಹಾಕಬೇಕು. ನಾನು ಯಾವ ಕಡೆ ಅಂತ ಈಗಲೇ ಹೇಳಲ್ಲ.

ಕರಿಹೊಗೆ
ಇದರಲ್ಲಿ ಕೇಳೋದೇನಿದೆ? ಇಂಜಿನ್. ಬೋಗಿ ನೋಡೋಕೆ ಯಾರೂ ಮಕ್ಕಳನ್ನ ಹೆಗಲ ಮೇಲೆ ಕೂರಿಸಿಕೊಂಡು ಬರಲ್ಲ.

ಎರಡು ಶಿಳ್ಳೆ
ಕರಿಹೊಗೆ ಹೇಳಿದ್ದೇ ಸರಿ. ಉಗಿ ಇದ್ರೆ ಜನ, ಜನ ಇದ್ರೆ ದುಡ್ಡು, ದುಡ್ಡಿದ್ರೆ ಆಮೇಲೆ ಶೆಡ್ಡು.

ತೇಗದ ತುಂಡು
ಆ "ಆಮೇಲೆ" ಅನ್ನೋ ಪದದಿಂದ ಸತ್ತ ಬೋಗಿಗಳು ಎಷ್ಟು ಅಂತ ಗೊತ್ತಾ ನಿಮಗೆ? ಹದಿನೆಂಟು ವರ್ಷದಿಂದ ಬೋಗಿ ಕೆಲಸ ಮಾಡ್ತಿದ್ದೀನಿ. ಪ್ರತಿ ಗುಂಪಿನಲ್ಲೂ ಇದೇ ಕಥೆ. ಇಂಜಿನ್ನಿಗೆ ಒಳಗೆ ಜಾಗ, ಬೋಗಿಗೆ ಮಳೆ.

ಕಬ್ಬಿಣ ಕಾಯುತ್ತೆ ಸ್ವಾಮಿ, ಮರ ಕಾಯಲ್ಲ. ವೇಲ್ಸಿನ ಬ್ಯಾರಿ ಗುಜರಿ ಅಂಗಳದ ಕಥೆ ಇಲ್ಲಿ ಎಲ್ಲರಿಗೂ ಗೊತ್ತಿರಬೇಕು. ಬ್ರಿಟಿಷ್ ರೈಲ್ವೆ ಕೈಬಿಟ್ಟ 297 ಇಂಜಿನ್ನುಗಳು ಅಲ್ಲಿಗೆ ಬಂದವು. ಗುಜರಿಯವರಿಗೆ ಹಳೆ ವ್ಯಾಗನ್ನುಗಳನ್ನು ಒಡೆಯೋ ಕೆಲಸವೇ ಬೇಕಾದಷ್ಟಿತ್ತು, ಇಂಜಿನ್ನುಗಳನ್ನು ಹಾಗೇ ಬಿಟ್ಟರು. ಸಮುದ್ರದ ಉಪ್ಪುಗಾಳಿಯಲ್ಲಿ ಹತ್ತು, ಹದಿನೈದು, ಕೆಲವು ಇಪ್ಪತ್ತು ವರ್ಷಕ್ಕೂ ಮೇಲೆ ನಿಂತವು. ಅದರಲ್ಲಿ 213 ಉಳಿದವು! ಅದೇ ಅಂಗಳದಲ್ಲಿ ಮರದ ಬೋಗಿಗಳನ್ನ ಇಪ್ಪತ್ತು ವರ್ಷ ನಿಲ್ಲಿಸಿದ್ದರೆ ಬರೀ ಚಕ್ರ ಮತ್ತು ಬೋಲ್ಟು ಸಿಗ್ತಿತ್ತು.

ಒಂದು ಕೆಲಸ ಮಾಡಿ. ಒಂದು ದಬ್ಬಳ ತಗೊಂಡು ಹೋಗಿ, ಬೋಗಿಯ ತಳದ ಉದ್ದ ಮರ ಇದೆಯಲ್ಲ, ಪಕ್ಕದ ಹಲಗೆಗಳೆಲ್ಲ ಬಂದು ಕೂರೋದು, ಅದಕ್ಕೆ ಬಾಗಿಲ ಕೆಳಗೆ ಚುಚ್ಚಿ ನೋಡಿ. ದಬ್ಬಳ ಎಷ್ಟು ಒಳಗೆ ಹೋಯ್ತು ಅಂತ ಬಂದು ಹೇಳಿ, ಆಮೇಲೆ ಮಾತಾಡೋಣ.

ಕರಿಹೊಗೆ
ಬ್ಯಾರಿ ಉದಾಹರಣೆ ನಿಮಗೇ ತಿರುಗಿ ಬೀಳುತ್ತೆ. "ಉಳಿದವು" ಅಂದ್ರೆ ಓಡ್ತಿವೆ ಅಂತಲ್ಲ. ಅಲ್ಲಿಂದ ತಂದ ಎಷ್ಟೋ ಇಂಜಿನ್ನು ಇವತ್ತಿಗೂ ಬಿಡಿಭಾಗಗಳಾಗಿ ಬಿದ್ದಿವೆ. ಹಿತ್ತಾಳೆ, ತಾಮ್ರ ಎಲ್ಲ ಕಿತ್ತು ಹೋಗಿತ್ತು. ಕಾಯ್ತಾ ನಿಂತ ಕಬ್ಬಿಣಕ್ಕೂ ಬಡ್ಡಿ ಕಟ್ಟಬೇಕು.

ತೇಗದ ತುಂಡು
ಬಡ್ಡಿ ಕಟ್ಟೋದಕ್ಕೆ ಅಸಲಾದರೂ ಉಳಿದಿತ್ತಲ್ಲ.

ಹಿಂದಿನ ಬೋಗಿ
ಟಾರ್ಪಾಲು ಹೊದಿಸಿದ್ದೀವಿ ಅಂದ್ರಿ. ಯಾವ ಥರ? ಬಿಗಿಯಾಗಿ ಸುತ್ತಿ ಕಟ್ಟಿದ್ದೀರಾ?

ಮೂರು ಮೈಲಿ ಹಳಿ
ಹೌದು, ನೀಲಿ ಪ್ಲಾಸ್ಟಿಕ್ ಟಾರ್ಪಾಲು. ಗಾಳಿಗೆ ಹಾರಬಾರದು ಅಂತ ಕೆಳಗಿನವರೆಗೂ ಎಳೆದು ಹಗ್ಗ ಬಿಗಿದಿದ್ದೀವಿ. ಯಾಕೆ?

ಹಿಂದಿನ ಬೋಗಿ
ನಾಳೆಯೇ ಬಿಚ್ಚಿ. ಮಳೆ ಹೊರಗೆ ನಿಲ್ಲುತ್ತೆ ನಿಜ, ಆದರೆ ಒಳಗಿನ ತೇವ ಹೊರಗೆ ಹೋಗಲ್ಲ. ಹಗಲು ಬಿಸಿಲಿಗೆ ಮರದ ತೇವ ಆವಿಯಾಗುತ್ತೆ, ರಾತ್ರಿ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಛಾವಣಿ ಮೇಲೇ ತೊಟ್ಟಿಕ್ಕುತ್ತೆ. ಬೋಗಿಯನ್ನ ನೀವೇ ಹಬೆಯಲ್ಲಿ ಬೇಯಿಸ್ತಿದ್ದೀರಿ. ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆ ಮನೆ ಬೇರೆ ಇಲ್ಲ.

ಟಾರ್ಪಾಲು ಬೇಕೇ ಬೇಕು ಅಂದ್ರೆ ಪೈಪಿನ ಚೌಕಟ್ಟು ಮಾಡಿ, ಛಾವಣಿಗಿಂತ ಒಂದಡಿ ಮೇಲೆ ಕಟ್ಟಿ, ಎರಡೂ ಪಕ್ಕ ತೆರೆದಿಡಿ. ಎದುರುಬದುರು ಒಂದೊಂದು ಕಿಟಕಿ ಎರಡು ಬೆರಳಷ್ಟು ಇಳಿಸಿ.

ಸುಮ್ನೆ ನೋಡೋನು
ನಮ್ಮ ಹಳೇ ಸ್ಕೂಟರನ್ನ ಹೀಗೇ ಸುತ್ತಿಟ್ಟು ಕೊಂದೆ ನಾನು 😐

ಸುತ್ತಿಗೆ ಸದ್ದು
ಇಂಜಿನ್ ಪಕ್ಷದವರಿಗೆ ಒಂದು ಪ್ರಶ್ನೆ. "ಉಗಿ ಬರಿಸೋದಕ್ಕೆ ಸಾಕು" ಅನ್ನೋ ಅಂದಾಜು ಯಾರು ಕೊಟ್ಟಿದ್ದು? ಬಾಯ್ಲರ್ ಗೋಡೆಯ ದಪ್ಪ ಅಲ್ಟ್ರಾಸೌಂಡ್‌ನಲ್ಲಿ ಅಳೆದಾಗಿದೆಯಾ? ಅಳೆಯದೆ ಕೊಟ್ಟ ಅಂದಾಜನ್ನ ನಾನು ಅಂದಾಜು ಅನ್ನಲ್ಲ, ಹಾರೈಕೆ ಅಂತೀನಿ.

ಟ್ಯೂಬು ಬದಲಾಯಿಸೋದು ಸುಲಭದ ಭಾಗ. ಹೊಸ ಟ್ಯೂಬು ತೂರಿಸಿ, ತುದಿ ಅಗಲಿಸಿ ಕೂರಿಸಿದರೆ ಆಯ್ತು. ಜೇಬು ಖಾಲಿ ಮಾಡೋದು ಬೆಂಕಿ ಉರಿಯೋ ಪೆಟ್ಟಿಗೆ, ಅಂದ್ರೆ ಫೈರ್‌ಬಾಕ್ಸ್. ಒಳಪೆಟ್ಟಿಗೆ, ಹೊರಪೆಟ್ಟಿಗೆ ನಡುವೆ ನೀರು. ಎರಡನ್ನೂ ಬಿಗಿಹಿಡಿಯೋದು ನೂರಾರು ಸ್ಟೇ ಬೋಲ್ಟುಗಳು. ಬಿಸಿಗೆ ಒಳಗಿನದು ಹೆಚ್ಚು ಹಿಗ್ಗುತ್ತೆ, ಹೊರಗಿನದು ಕಡಿಮೆ, ಮಧ್ಯದಲ್ಲಿ ಸಿಕ್ಕ ಬೋಲ್ಟು ಪ್ರತಿ ಸಲ ಸ್ವಲ್ಪ ಬಾಗುತ್ತೆ. ವರ್ಷಗಟ್ಟಲೆ ಬಾಗಿ ಬಾಗಿ ಒಂದು ದಿನ ಮುರಿಯುತ್ತೆ. ಮೇಲಿನ ಮೂಲೆಗಳಲ್ಲೇ ಹೆಚ್ಚು. ಕೆಳಗೆ, ಎರಡು ಪೆಟ್ಟಿಗೆ ಸೇರೋ ಜಾಗದಲ್ಲಿ ಕೆಸರು, ನೀರಿನ ಸುಣ್ಣ ಗಟ್ಟಿಯಾಗಿ ಆದ ಗಾರೆ ಕೂತು ತಗಡನ್ನ ತೆಳುವಾಗಿಸಿರುತ್ತೆ. ಟ್ಯೂಬು ತೆಗೆದಾಗಲೇ ಇದೆಲ್ಲ ಕಣ್ಣಿಗೆ ಬೀಳೋದು. ನಿಮ್ಮ ಕೆಲಸ ಅಲ್ಲಿಗೇ ನಿಂತಿದೆ ಅಂದ್ರೆ ಯಾರಿಗೋ ಏನೋ ಕಂಡಿದೆ ಅಂತ ನನ್ನ ಗುಮಾನಿ.

ಮೂರು ಮೈಲಿ ಹಳಿ
ಗುಮಾನಿ ಸರಿ ಇದೆ. ಎಡಪಕ್ಕ ಕೆಳಗೆ ತಗಡು ತೆಳುವಾಗಿದೆ. ಎಷ್ಟು ಅಂತ ಅಳೆಸಿಲ್ಲ.

ಎರಡು ಶಿಳ್ಳೆ
ಸ್ವಲ್ಪ ತೆಳುವಾದ್ರೆ ಒತ್ತಡ ಇಳಿಸಿ ಓಡಿಸಬಹುದಲ್ವಾ? ಮೂರು ಮೈಲಿಗೆ ಎಷ್ಟು ಬೇಕು? ಹೇಗೂ ಫೈರ್‌ಬಾಕ್ಸ್ ಮೇಲೆ ಸೀಸದ ಪ್ಲಗ್ ಇರುತ್ತೆ, ನೀರು ಕಡಿಮೆಯಾದ್ರೆ ಅದೇ ಕರಗಿ ಬೆಂಕಿ ಆರಿಸುತ್ತೆ.

ಸುತ್ತಿಗೆ ಸದ್ದು
ಎರಡು ತಪ್ಪು ಒಂದೇ ಉಸಿರಲ್ಲಿ ಹೇಳಿದಿರಿ, ಬಿಡಿಸಿ ಹೇಳ್ತೀನಿ.

ಒತ್ತಡ ಇಳಿಸೋದು ತಪಾಸಕರ ತೀರ್ಮಾನ, ನಿಮ್ಮದೂ ಅಲ್ಲ ನನ್ನದೂ ಅಲ್ಲ. ಎರಡನೆಯದು, ಆ ಪ್ಲಗ್ ಬೆಂಕಿ ಆರಿಸೋ ಯಂತ್ರ ಅಲ್ಲ. ಅದು ಎಚ್ಚರಿಕೆ. ಅದರ ಮೇಲೆ ಗಾರೆ ಕಟ್ಟಿದ್ದರೆ ಆ ಎಚ್ಚರಿಕೆಯೂ ತಡ.

1995ರ ಜೂನ್‌ನಲ್ಲಿ ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಪ್ರವಾಸಿ ರೈಲು ಎಳೀತಿದ್ದ 1278 ನಂಬರಿನ ಇಂಜಿನ್ನಿನ ಫೈರ್‌ಬಾಕ್ಸ್ ಛಾವಣಿ ಕುಸಿಯಿತು. ಕ್ಯಾಬಿನಲ್ಲಿದ್ದ ಮೂವರೂ ಸುಟ್ಟುಕೊಂಡರು. ಕಾರಣ, ಛಾವಣಿ ಮುಳುಗೋವಷ್ಟು ನೀರಿರಲಿಲ್ಲ. ನೀರಿನ ಮಟ್ಟ ತೋರಿಸೋ ಗಾಜಿನ ದಾರಿಯಲ್ಲಿ ಗಾರೆ ಕಟ್ಟಿತ್ತು, ನೀರಿನ ಶುದ್ಧೀಕರಣ ಸರಿ ಇರಲಿಲ್ಲ. ಆ ಛಾವಣಿಯ ಬೋಲ್ಟುಗಳ ಜೋಡಣೆಯಿಂದಾಗಿ ಕುಸಿತ ಒಂದು ಭಾಗದಲ್ಲೇ ನಿಂತಿತು, ಇಲ್ಲದಿದ್ದರೆ ಇಡೀ ಬಾಯ್ಲರ್ ಹಾರಿಹೋಗ್ತಿತ್ತು. ಒತ್ತಡದಲ್ಲಿರೋ ಬಿಸಿನೀರಿನ ಒಂದು ಪಾಲು ಬಿಡುಗಡೆಯಾದ ಕ್ಷಣಕ್ಕೆ ಆವಿಯಾಗುತ್ತೆ, ಆವಿಯಾದ ಒಂದು ಲೀಟರು ನೀರು ಸಾವಿರದ ಆರುನೂರು ಲೀಟರಿಗೂ ಹೆಚ್ಚು ಜಾಗ ಕೇಳುತ್ತೆ. ಅಲ್ಲಿನ ನಿಯಮವೇ ಆಮೇಲೆ ಬದಲಾಯ್ತು: 1472 ದಿನ ಓಡಿದ ಮೇಲೆ ಅಥವಾ 15 ವರ್ಷಕ್ಕೆ, ಯಾವುದು ಮೊದಲೋ ಆಗ ಪೂರ್ತಿ ಬಿಚ್ಚಿ ಪರೀಕ್ಷೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಬಿಚ್ತಾರೆ.

"ಸ್ವಲ್ಪ ತೆಳು" ಅನ್ನೋ ಮಾತು ಬಾಯ್ಲರ್ ಹತ್ತಿರ ಆಡಬೇಡಿ.

ಎರಡು ಶಿಳ್ಳೆ
ಸರಿ ಗುರುಗಳೇ, ಹೊಡೀಬೇಡಿ.

ಇಳಿಜಾರು
ಸುತ್ತಿಗೆಯವರ ಹೆಸರಿನ ಹಿಂದಿನ ಕಥೆ ಹೇಳಿಸಿ ಯಾರಾದ್ರೂ.

ಸುತ್ತಿಗೆ ಸದ್ದು
ಕಥೆ ಏನಿಲ್ಲ. ನನಗೆ ಕೆಲಸ ಕಲಿಸಿದವರು ಸಣ್ಣ ಸುತ್ತಿಗೆಯಿಂದ ಒಂದೊಂದೇ ಸ್ಟೇ ಬೋಲ್ಟನ್ನ ತಟ್ಟಿಕೊಂಡು ಹೋಗ್ತಿದ್ದರು. ಗಟ್ಟಿ ಇದ್ದದ್ದು ಗಂಟೆಯ ಹಾಗೆ "ಠಣ್" ಅನ್ನುತ್ತೆ, ಮುರಿದದ್ದು ಒಡಕು ಮಡಕೆ ಹಾಗೆ "ಡಬ್". ನನಗೆ ಮೊದಲ ಒಂದು ವರ್ಷ ಎರಡೂ ಒಂದೇ ಥರ ಕೇಳಿಸ್ತಿತ್ತು. ಒಂದು ದಿನ ಅವರು ಇಪ್ಪತ್ತು ಬೋಲ್ಟು ತೋರಿಸಿ, ಇದರಲ್ಲಿ ಒಂದು ಸತ್ತಿದೆ ಹುಡುಕು ಅಂದರು. ಮೂರು ಸಲ ಸುತ್ತು ಹೊಡೆದು ಒಂದನ್ನ ತೋರಿಸಿದೆ. ತಪ್ಪಾಗಿತ್ತು. ಆದರೆ ನಾನು ತೋರಿಸಿದ್ದನ್ನೂ ಬಿಚ್ಚಿ ನೋಡಿದರು, ಪಾಪ, ಅದರಲ್ಲೂ ಅರ್ಧ ಬಿರುಕಿತ್ತು. "ಕಿವಿ ಬರ್ತಿದೆ" ಅಂದರು. ಅವತ್ತಿನ ಖುಷಿ ಆಮೇಲೆ ಯಾವ ಪ್ರಮಾಣಪತ್ರದಲ್ಲೂ ಸಿಕ್ಕಿಲ್ಲ. ಬೋಲ್ಟಿನ ನಡುವೆ ಸಣ್ಣ ರಂಧ್ರ ಕೊರೆದಿರುತ್ತಾರೆ, ಮುರಿದರೆ ಅದರಲ್ಲಿ ಹಬೆ ಜಿನುಗಿ ಚಾಡಿ ಹೇಳುತ್ತೆ. ಆ ರಂಧ್ರ ಮುಚ್ಚಿಹೋಗಿದ್ದರೆ ಕಿವಿಯೇ ಗತಿ.

ಗಾಜಿನ ಪೆಟ್ಟಿಗೆ
ಬೈಸಿಕೊಳ್ಳೋಕೆ ತಯಾರಾಗೇ ಹೇಳ್ತೀನಿ. ಇಂಜಿನ್ನನ್ನ ಓಡಿಸಲೇಬೇಡಿ.

ಓಡಿಸೋದು ಅಂದ್ರೆ ಸವೆಸೋದು. ಹೊಸ ಟ್ಯೂಬು, ಹೊಸ ಫೈರ್‌ಬಾಕ್ಸ್, ಹೊಸ ಚಕ್ರದ ಪಟ್ಟಿ, ಇನ್ನೂ ಮುವತ್ತು ವರ್ಷಕ್ಕೆ ಹೊಸ ಸಿಲಿಂಡರು. ಕೊನೆಗೆ ಹಳೆಯದು ಅಂತ ಉಳಿಯೋದು ನಂಬರ್ ಪ್ಲೇಟು. ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿರೋ ಪಫಿಂಗ್ ಬಿಲ್ಲಿ 1813–14ರದ್ದು, ಉಳಿದಿರೋ ಉಗಿ ಇಂಜಿನ್ನುಗಳಲ್ಲೆಲ್ಲ ಹಳೆಯದು. ಅದನ್ನ ಇವತ್ತು "ಚಾಲನೆಗೆ ತರ್ತೀವಿ" ಅಂತ ಯಾರಾದ್ರೂ ಹೊರಟರೆ ನೀವು ಬಿಡ್ತೀರಾ?

ಕರಿಹೊಗೆ
ನಿಂತ ಇಂಜಿನ್ ಅಂದ್ರೆ ಬಣ್ಣ ಬಳಿದ ಗುಜರಿ. ಬಿಸಿ ಇಲ್ಲ, ಎಣ್ಣೆ ವಾಸನೆ ಇಲ್ಲ, ಉಸಿರಿಲ್ಲ. ಮಗು ಅದನ್ನ ನೋಡಿ ಏನು ಕಲಿಯುತ್ತೆ?

ಫೇರಿ ಕ್ವೀನ್ ನೆನಪಿಸಿಕೊಳ್ಳಿ. 1855ರಲ್ಲಿ ಲೀಡ್ಸ್‌ನಲ್ಲಿ ಕಟ್ಟಿದ್ದು, 1909ರಲ್ಲಿ ಕೆಲಸದಿಂದ ಇಳಿಸಿದ್ದು. 1997ರಲ್ಲಿ ಮತ್ತೆ ಹಳಿ ಮೇಲೆ ಓಡ್ತು, ಮರುವರ್ಷವೇ ಗಿನ್ನೆಸ್ ದಾಖಲೆ ಸೇರಿತು. ದೆಹಲಿಯ ಮ್ಯೂಸಿಯಂನಲ್ಲಿ ಸುಮ್ಮನೆ ನಿಂತಿದ್ದಾಗ ಅದರ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತು?

ಗಾಜಿನ ಪೆಟ್ಟಿಗೆ
ಗಿನ್ನೆಸ್ ದಾಖಲೆ ಬೇಕಿದ್ದದ್ದು ನಮಗೆ, ಇಂಜಿನ್ನಿಗಲ್ಲ. ನಕಲು ಮಾಡಿ ಓಡಿಸಿ, ನಾನೇ ಮೊದಲ ಟಿಕೆಟ್ ತಗೋತೀನಿ. ಬ್ರಿಟನ್ನಿನಲ್ಲಿ ಟೊರ್ನಾಡೊ ಅನ್ನೋ ಇಂಜಿನ್ ಕಟ್ಟಿದವರು ಅದನ್ನೇ ಮಾಡಿದರಲ್ಲ. ಆ ಜಾತಿಯ 49 ಇಂಜಿನ್ನುಗಳಲ್ಲಿ ಒಂದನ್ನೂ ಉಳಿಸದೆ ಗುಜರಿಗೆ ಹಾಕಿದ್ದರು. 1990ರಲ್ಲಿ ಹೊಸದಾಗಿ ಕಟ್ಟೋಕೆ ಹೊರಟರು, 2008ರಲ್ಲಿ ಮುಗೀತು, ಸುಮಾರು 30 ಲಕ್ಷ ಪೌಂಡ್. ಬಾಯ್ಲರನ್ನ ಜರ್ಮನಿಯ ಮೈನಿಂಗೆನ್‌ನಲ್ಲಿ ಮಾಡಿಸಿದರು, ರಿವೆಟ್ ಬದಲು ಪೂರ್ತಿ ವೆಲ್ಡಿಂಗ್.

ಇಳಿಜಾರು
ಇದು ತಮಾಷೆ. ಹಳೆಯದಕ್ಕೆ ಹೊಸ ಬಾಯ್ಲರ್ ಹಾಕಿದರೆ ಮೋಸ, ಪೂರ್ತಿ ಹೊಸದನ್ನೇ ಕಟ್ಟಿದರೆ ಪ್ರಾಮಾಣಿಕತೆ. ತೇರಿಗೆ ಹೊಸ ಗಾಲಿ ಹಾಕಿದರೆ ಅದು ಬೇರೆ ತೇರಾಗುತ್ತಾ? ಉಗಿ ಇಂಜಿನ್ನುಗಳು ಕೆಲಸದಲ್ಲಿದ್ದಾಗಲೇ ಬಾಯ್ಲರ್ ಅದಲು ಬದಲು ಮಾಡ್ತಿದ್ದರು. ವರ್ಕ್‌ಶಾಪಿಗೆ ಬಂದ ಇಂಜಿನ್ನಿಗೆ ಸಿದ್ಧವಾಗಿದ್ದ ಬೇರೆ ಬಾಯ್ಲರ್ ಕೂರಿಸಿ ಕಳಿಸೋದು, ಇದರದ್ದನ್ನ ರಿಪೇರಿ ಮಾಡಿ ಇನ್ನೊಂದಕ್ಕೆ. 1923ರ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಕೂಡ ಹೀಗೆ ಬಾಯ್ಲರ್ ಬದಲಿಸಿಕೊಂಡೇ ಬಂದಿದೆ. 2016ರಲ್ಲಿ ಅದು ಮತ್ತೆ ಓಡೋ ಹೊತ್ತಿಗೆ 42 ಲಕ್ಷ ಪೌಂಡ್ ಖರ್ಚಾಗಿತ್ತು, ಟೊರ್ನಾಡೊಗಿಂತ ಜಾಸ್ತಿ.

ಹಾಗೇ ನಿಮ್ಮ ಮ್ಯೂಸಿಯಂ ವಾದಕ್ಕೂ ಒಂದು ತೂತಿದೆ. 1829ರ ರಾಕೆಟ್ ಇಂಜಿನ್ ಇದೆಯಲ್ಲ, ಇವತ್ತು ಉಳಿದಿರೋದು ಆ ವರ್ಷ ಇಂಗ್ಲೆಂಡಿನಲ್ಲಿ ಇಂಜಿನ್ನುಗಳಿಗಾಗಿ ನಡೆದ ರೈನ್‌ಹಿಲ್ ಸ್ಪರ್ಧೆ ಗೆದ್ದ ರೂಪದಲ್ಲಿಲ್ಲ. ಆಗ ಸಿಲಿಂಡರು ಕಡಿದಾಗಿ ಓರೆ ನಿಂತಿತ್ತು, ಆಮೇಲೆ ಹೆಚ್ಚುಕಮ್ಮಿ ಮಲಗಿಸಿದರು. ಮೂಲ ಅಂದ್ರೆ ಯಾವ ದಿನದ ಮೂಲ?

ಗಾಜಿನ ಪೆಟ್ಟಿಗೆ
ಕೊನೇ ದಿನದ ಮೂಲ. ಕೆಲಸ ಬಿಟ್ಟ ದಿನ ಹೇಗಿತ್ತೋ ಹಾಗೆ. ಸಿಲಿಂಡರು ಮಲಗಿಸಿದ್ದು ನಮಗೆ ಗೊತ್ತಾಗೋದೇ ಆ ಗುರುತುಗಳನ್ನ ಯಾರೂ ಅಳಿಸಿಲ್ಲ ಅನ್ನೋದಕ್ಕೆ. ನಿಮ್ಮ ಉದಾಹರಣೆ ನನ್ನ ಪರ.

ಇಳಿಜಾರು
ಹ್ಞೂಂ. ಇದನ್ನ ಒಪ್ಪಿಕೋತೀನಿ, ಅರ್ಧ.

ಸುಮ್ನೆ ನೋಡೋನು
ಒಂದು ದಡ್ಡ ಪ್ರಶ್ನೆ. ಕಲ್ಲಿದ್ದಲು ಹಾಕದೆ ಎಣ್ಣೆಯಲ್ಲಿ ಓಡಿಸಿದರೆ ಅದು ಉಗಿ ಇಂಜಿನ್ನೇ ತಾನೇ?

ಕರಿಹೊಗೆ
ತಾಂತ್ರಿಕವಾಗಿ ಹೌದು. ಮನಸ್ಸಿಗೆ ಅಲ್ಲ.

ಇಳಿಜಾರು
ನೀಲಗಿರಿಯಲ್ಲಿ ರೈಲು ಎಣ್ಣೆ ಉರಿಸಿ ಬೆಟ್ಟ ಹತ್ತೋದನ್ನ ನೋಡಿಲ್ಲ ಅನ್ಸುತ್ತೆ ನೀವು. ಕಲ್ಲಾರಿನಿಂದ ಕೂನೂರಿನವರೆಗೆ ಹನ್ನೆರಡು ಅಡಿಗೆ ಒಂದಡಿ ಏರು, ಹಳಿಗಳ ನಡುವೆ ಇಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಳ್ಳೋ ಹಲ್ಲುಹಳಿ. ಆ ಎಕ್ಸ್ ಕ್ಲಾಸ್ ಇಂಜಿನ್ನಿಗೆ ನಾಲ್ಕು ಸಿಲಿಂಡರು. ಬಾಯ್ಲರಿನಿಂದ ಬಂದ ಉಗಿ ಮೊದಲು ಎರಡು ಸಿಲಿಂಡರಿನಲ್ಲಿ ಚಕ್ರ ತಿರುಗಿಸುತ್ತೆ, ಅಲ್ಲಿ ಕೆಲಸ ಮಾಡಿ ಹೊರಬಂದ ಉಗಿಯೇ ಇನ್ನೆರಡು ಸಿಲಿಂಡರಿಗೆ ಹೋಗಿ ಹಲ್ಲುಗಾಲಿ ತಿರುಗಿಸುತ್ತೆ. ಮೂಲ ವಿನ್ಯಾಸ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನದು. ಆಮೇಲೆ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ ಅದೇ ಜಾತಿಯ ಹೊಸ ಇಂಜಿನ್ನುಗಳನ್ನ ಕಟ್ಟಿದರು. ನಕ್ಷೆಯೊಂದರಿಂದ ಇದು ಆಗಲ್ಲ. ಇಂಜಿನ್ನು ಓಡ್ತಾ ಇದ್ದದ್ದಕ್ಕೆ ಅದನ್ನ ಬಿಚ್ಚಿ ಜೋಡಿಸೋ ಕೈಗಳೂ ಇದ್ದವು. ಗಾಜಿನ ಪೆಟ್ಟಿಗೆಯವರೇ, ಇದಕ್ಕೇನಂತೀರಿ?

ಗಾಜಿನ ಪೆಟ್ಟಿಗೆ
ಇದಕ್ಕೆ ಉತ್ತರ ಇಲ್ಲ ನನ್ನ ಹತ್ರ. ಯೋಚಿಸಿ ಬರ್ತೀನಿ.

ಹಿಂದಿನ ಬೋಗಿ
ಎಣ್ಣೆ ವಿಷಯಕ್ಕೆ: ಅಮೆರಿಕದ ಬಿಗ್ ಬಾಯ್ 4014 ಕೂಡ 2019ರಲ್ಲಿ ಮತ್ತೆ ಓಡಿದ್ದು ಎಣ್ಣೆಗೆ ಬದಲಾದ ಮೇಲೇ. ಕೊಲರಾಡೊದ ಡುರಾಂಗೊ–ಸಿಲ್ವರ್‌ಟನ್ ಮಾರ್ಗ 2018ರ ಕಾಳ್ಗಿಚ್ಚಿನ ಬಳಿಕ ಎಣ್ಣೆ ಕಡೆ ಹೊರಳಿತು. ಒಣಹುಲ್ಲಿನ ನಡುವೆ ಕಿಡಿ ಉಗುಳ್ತಾ ಹೋಗೋದು ಚಂದ, ಹುಲ್ಲು ಹೊತ್ತೋವರೆಗೆ. ಬ್ರಿಟನ್ನಿನಲ್ಲೂ 2023ರಲ್ಲಿ ವೇಲ್ಸಿನ ಫೋಸ್ ಇ ಫ್ರಾನ್ ಗಣಿ ಮುಚ್ಚಿದ ಮೇಲೆ ಪಾರಂಪರಿಕ ಮಾರ್ಗಗಳು ಹೊರದೇಶದ ಕಲ್ಲಿದ್ದಲಿಗೆ ಕೈಯೊಡ್ಡಬೇಕಾಗಿದೆ.

ಲೆಕ್ಕಪತ್ರ
ಎಲ್ಲರೂ ಎಲ್ಲಿಗೋ ಹೊರಟುಬಿಟ್ರಿ. ಪ್ರಶ್ನೆ ದುಡ್ಡಿನದು.

ನಾನು ಬೇರೆ ಒಂದು ಗುಂಪಿನ ಖಜಾಂಚಿ ಆಗಿದ್ದೆ. ಅನುಭವ ಹೇಳ್ತೀನಿ. ಇಂಜಿನ್ನಿನ ಫೋಟೊ ಹಾಕಿ "ಸಹಾಯ ಮಾಡಿ" ಅಂದ್ರೆ ದುಡ್ಡು ಬರುತ್ತೆ. ಶೆಡ್ಡಿನ ನಕ್ಷೆ ಹಾಕಿ ಕೇಳಿದ್ರೆ ಒಂದು ಲೈಕ್ ಬರುತ್ತೆ, ಅದೂ ಕಾರ್ಯದರ್ಶಿಯದು. ಹಾಗಾಗಿ ಯಾರೂ ಕೊಡದ ಕೆಲಸಕ್ಕೆ ಕೈಯಲ್ಲಿರೋ ದುಡ್ಡು ಹಾಕಿ, ಎಲ್ಲರೂ ಕೊಡೋ ಕೆಲಸಕ್ಕೆ ಆಮೇಲೆ ಬೇಡಿ. ನಾವು ಉಲ್ಟಾ ಮಾಡಿದ್ವಿ. ಇಂಜಿನ್ ರೆಡಿ ಆಯ್ತು, ಉದ್ಘಾಟನೆ ಆಯ್ತು, ಅದರ ಹಿಂದೆ ಕಟ್ಟೋಕೆ ಜನ ಕೂರಬಹುದಾದ ಬೋಗಿ ಒಂದೂ ಇರಲಿಲ್ಲ. ಎರಡು ತಿಂಗಳು ಇಂಜಿನ್ ಒಂದೇ ಹಿಂದಕ್ಕೂ ಮುಂದಕ್ಕೂ ಓಡ್ತು. ಡ್ರೈವರಿಗೆ ಮಜಾ, ನನಗೆ ನಿದ್ದೆ ಇಲ್ಲ. ಟಿಕೆಟ್ ಮಾರೋದು ಸೀಟಿಗೆ, ಚಿಮಣಿಗಲ್ಲ.

ತೇಗದ ತುಂಡು
ಈ ಕೊನೇ ಸಾಲನ್ನ ಹಲಗೆ ಮೇಲೆ ಬರೆಸಿ ಶೆಡ್ಡಿಗೆ ತೂಗುಹಾಕ್ತೀನಿ.

ಲೆಕ್ಕಪತ್ರ
ಹಲಗೆ ತೇಗದ್ದಾಗಿರಲಿ.

ಕರಿಹೊಗೆ
ಸರಿ, ಬೋಗಿ ರೆಡಿ ಮಾಡಿದ್ರಿ ಅಂತಿಟ್ಕೊಳ್ಳಿ. ಎಳೆಯೋದು ಯಾರು? ಏಳು ಜನ ಹಗ್ಗ ಕಟ್ಟಿ ಎಳೀತಾರಾ?

ಲೆಕ್ಕಪತ್ರ
ಬಾಡಿಗೆ ಇಂಜಿನ್. ಅಥವಾ ಸಣ್ಣ ಡೀಸೆಲ್. ಮುಖ ಸಿಂಡರಿಸಬೇಡಿ. ಅದೇ ಗೇಜಿನ ಬೇರೆ ಗುಂಪು ತಮ್ಮ ಇಂಜಿನ್ನನ್ನ ಒಂದು ಋತುವಿಗೆ ಕೊಡುತ್ತೆ, ಬದಲಿಗೆ ನಿಮ್ಮ ಬೋಗಿ ಅವರಿಗೆ ಹೋಗುತ್ತೆ.

ಇಳಿಜಾರು
ಮೊದಲು ಶುರು ಮಾಡಿದವರ ಕಥೆಯೂ ಹೆಚ್ಚುಕಮ್ಮಿ ಇದೇ. ವೇಲ್ಸಿನ ಟಾಲಿಲ್ಲಿನ್, 1951, ಸ್ವಯಂಸೇವಕರೇ ನಡೆಸಿದ ಮೊದಲ ರೈಲುಮಾರ್ಗ. ಅವರ ಕೈಗೆ ಬಂದಾಗ ಎರಡು ಹಳೆ ಇಂಜಿನ್, ಅದರಲ್ಲಿ ಟಾಲಿಲ್ಲಿನ್ ಹೆಸರಿನದು ಓಡೋ ಸ್ಥಿತಿಯಲ್ಲಿರಲಿಲ್ಲ. ಡೋಲ್ಗಾಕ್ ಒಂದೇ ಆ ವರ್ಷದ ಭಾರವನ್ನೆಲ್ಲ ಎಳೀತು. ಪಕ್ಕದಲ್ಲಿ ಮುಚ್ಚಿಹೋಗಿದ್ದ ಕೋರಿಸ್ ಮಾರ್ಗದ ಗೇಜೂ ಅದೇ, 2 ಅಡಿ 3 ಇಂಚು, ಅಪರೂಪದ ಅಳತೆ. ಅಲ್ಲಿಂದ ಎರಡು ಇಂಜಿನ್ ತಂದರು. ಸ್ವಂತ ಟಾಲಿಲ್ಲಿನ್ ಇಂಜಿನ್ನಿಗೆ ಉಗಿ ಬಂದಿದ್ದು ಆ ದಶಕದ ಕೊನೆಗೆ, ಬಹುಪಾಲು ಹೊಸದಾಗಿ ಕಟ್ಟಿದ ಮೇಲೆ. ಆದರೆ 1860ರ ದಶಕದ ಅವರ ಮೂಲ ಬೋಗಿಗಳು ಇವತ್ತಿಗೂ ಹಳಿ ಮೇಲಿವೆ.

ತೇಗದ ತುಂಡು
ಇದನ್ನ ನಾನು ಮೊದಲೇ ಹೇಳಬೇಕಿತ್ತು. ನೂರೈವತ್ತು ವರ್ಷ ದಾಟಿದ ಮರ!

ಸುತ್ತಿಗೆ ಸದ್ದು
ಸಂತೋಷ ಪಡಿ. ಆದರೆ ಶೆಡ್ ಕಡೆ ಮತ ಬಿದ್ದರೂ ಇಂಜಿನ್ನನ್ನ ಹಾಗೇ ಬಿಟ್ಟು ಹೋಗಬೇಡಿ. ಚಿಮಣಿ ಬಾಯಿಗೆ ಈಗಲೇ ತಗಡಿನ ಮುಚ್ಚಳ ಹಾಕಿ, ಮುಂದಿನ ಹೊಗೆಪೆಟ್ಟಿಗೆಯ ಬೂದಿ ಮಸಿಯೆಲ್ಲ ಕೆರೆದು ತೆಗೀರಿ. ಮಸಿಗೆ ಮಳೆನೀರು ಸೇರಿದರೆ ಆಮ್ಲ ಆಗುತ್ತೆ, ತಗಡು ತಿಂದುಹಾಕುತ್ತೆ. ಬಾಯ್ಲರಿನ ತಳದಲ್ಲಿ ಉಳಿದಿರೋ ನೀರು ಪೂರ್ತಿ ಇಳಿಸಿ ಒಣಗಿಸಿ. ಸಿಲಿಂಡರಿಗೆ ಎಣ್ಣೆ ಬಿಡಿ, ತಿಂಗಳಿಗೊಮ್ಮೆ ಸ್ವಲ್ಪ ತಳ್ಳಿ ಚಕ್ರ ತುಸು ತಿರುಗಿಸಿ ನಿಲ್ಲಿಸಿ.

ಬಾಯ್ಲರ್ ಸುತ್ತ ಇದ್ದ ಶಾಖ ತಡೆಯೋ ಹೊದಿಕೆ ಏನು ಮಾಡಿದಿರಿ?

ಮೂರು ಮೈಲಿ ಹಳಿ
ಕಿತ್ತು ತೆಗೆದ್ವಿ. ಬಿಳಿ ಗಾರೆ ಥರ, ನಾರು ನಾರಾಗಿತ್ತು. ಚೀಲದಲ್ಲಿ ತುಂಬಿ ಅಂಗಳದ ಮೂಲೆಯಲ್ಲಿ ಇಟ್ಟಿದ್ದೀವಿ.

ಸುತ್ತಿಗೆ ಸದ್ದು
ಆ ಚೀಲ ಮುಟ್ಟಬೇಡಿ. ಗುಡಿಸಬೇಡಿ. ಯಾರನ್ನೂ ಹತ್ತಿರ ಬಿಡಬೇಡಿ. ಆ ವಯಸ್ಸಿನ ಇಂಜಿನ್ನಿನಲ್ಲಿ ಬಿಳಿ ನಾರು ಅಂದ್ರೆ ಕಲ್ನಾರು ಅಂತಲೇ ತಿಳ್ಕೊಂಡು ನಡೀಬೇಕು, ಪರೀಕ್ಷೆಯಲ್ಲಿ ಅಲ್ಲ ಅಂತ ಬರೋವರೆಗೆ. ಅದರ ಧೂಳು ಶ್ವಾಸಕೋಶ ಸೇರಿದರೆ ರೋಗ ಬರೋದು ಹತ್ತಾರು ವರ್ಷ ಕಳೆದ ಮೇಲೆ. ತೆಗೆಯೋದಕ್ಕೆ ತರಬೇತಿ ಇದ್ದವರನ್ನೇ ಕರೆಸಿ. ದಾನದ ದುಡ್ಡಿನಲ್ಲಿ ಮೊದಲ ಖರ್ಚು ಇದು, ಇಂಜಿನ್ನೂ ಅಲ್ಲ ಬೋಗಿಯೂ ಅಲ್ಲ.

ಹಿಂದಿನ ಬೋಗಿ
ಬೋಗಿಯವರೂ ಕೇಳಿಸಿಕೊಳ್ಳಿ. ಹಳೇ ಬಣ್ಣದಲ್ಲಿ ಸೀಸ ಇರುತ್ತೆ. ಒಣ ಮರಳುಕಾಗದ ಹಾಕಿ ಉಜ್ಜಬೇಡಿ, ಒದ್ದೆ ಮಾಡಿ ಕೆರೀರಿ, ಮಾಸ್ಕ್ ಹಾಕಿ.

ಮೂರು ಮೈಲಿ ಹಳಿ
ಕೈ ನಡುಗ್ತಿದೆ. ನಾಳೆ ಬೆಳಿಗ್ಗೆ ಮೊದಲು ಅದೇ ಕೆಲಸ.

ತೇಗದ ತುಂಡು
ಧೈರ್ಯ ತಗೊಳ್ಳಿ. ಎಲ್ಲ ಗುಂಪಿನವರೂ ಒಂದಲ್ಲ ಒಂದು ಸಲ ಈ ಪೆದ್ದುತನ ಮಾಡಿದ್ದಾರೆ.

ಬಣ್ಣ ಕೆರೆಯೋ ಮಾತು ಬಂತು, ಒಂದು ಸಣ್ಣ ಸುದ್ದಿ. ನಾವು ಒಂದು ಬೋಗಿಯ ಬಾಗಿಲು ಕೆರೀತಿದ್ದಾಗ ಹನ್ನೊಂದು ಪದರ ಬಣ್ಣ ಸಿಕ್ತು. ಒಂದೊಂದೂ ಕಾಸಿನಗಲ ಬಿಟ್ಟು ಬಿಟ್ಟು ಕೆರೆದು, ಮರದ ವಾರ್ಷಿಕ ಉಂಗುರದ ಹಾಗೆ ತೋರಿಸಿ ಇಟ್ಟಿದ್ದೀವಿ. ಆರನೇ ಪದರದಲ್ಲಿ ಚಿನ್ನದ ಬಣ್ಣದ ಒಂದು ಅಂಕಿಯ ಬಾಲ ಕಾಣಿಸ್ತು, ಏಳು ಇರಬಹುದು, ಒಂದು ಇರಬಹುದು. ಅದನ್ನ ಬಿಡಿಸೋಕೆ ನಾಲ್ಕು ವಾರಾಂತ್ಯ. ಕೊನೆಗೆ ಅದು ಅಂಕಿಯೇ ಅಲ್ಲ, ಅಲಂಕಾರದ ಬಳ್ಳಿ! ನಕ್ಕೂ ನಕ್ಕೂ ಸಾಕಾಯ್ತು. ಗಾಜಿನ ಪೆಟ್ಟಿಗೆಯವರೇ, ಆ ಬಾಗಿಲಿಗೆ ಹೊಸ ಬಣ್ಣ ಬಳಿದಿಲ್ಲ, ನಿಮಗೋಸ್ಕರ.

ಗಾಜಿನ ಪೆಟ್ಟಿಗೆ
ಕಣ್ಣಲ್ಲಿ ನೀರು ಬಂತು.

ಅಂದಹಾಗೆ ಯೋಚಿಸಿ ಬಂದೆ. ಕೈಗಳನ್ನ ಉಳಿಸೋದಕ್ಕೆ ಕೆಲವು ಇಂಜಿನ್ನು ಓಡಲೇಬೇಕು ಅನ್ನೋದು ಒಪ್ಪಿಗೆ. ಯಾವುದು ಓಡಬೇಕು, ಯಾವುದು ನಿಲ್ಲಬೇಕು ಅಂತ ಮೊದಲೇ ಗೆರೆ ಹಾಕಿ ಅಷ್ಟೇ. ಆ ಜಾತಿಯಲ್ಲಿ ಅದೊಂದೇ ಉಳಿದಿದ್ದರೆ ಮುಟ್ಟಬೇಡಿ. ಮತ್ತು ತೆಗೆದ ಹಳೇ ಭಾಗಕ್ಕೆ ಚೀಟಿ ಕಟ್ಟಿ ಎತ್ತಿಡಿ, ಗುಜರಿಗೆ ಹಾಕಬೇಡಿ.

ಕರಿಹೊಗೆ
ಮರದ ಬೋಗಿಯಲ್ಲಿ ಜನ ಕೂರಿಸೋದು ಸುರಕ್ಷಿತವಾ? ಬೆಂಕಿ ಬಿದ್ದರೆ? 1915ರಲ್ಲಿ ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್‌ನಲ್ಲಿ ಮರದ ಬೋಗಿಗಳು ಹೊತ್ತಿ ಉರಿದವಲ್ಲ.

ಹಿಂದಿನ ಬೋಗಿ
ಅಲ್ಲಿ ದೀಪಕ್ಕೆ ಗ್ಯಾಸ್ ಇತ್ತು, ಬೋಗಿಯ ಅಡಿಯಲ್ಲೇ ಗ್ಯಾಸ್ ತೊಟ್ಟಿ. ವೇಗದಲ್ಲಿದ್ದ ರೈಲುಗಳ ಡಿಕ್ಕಿ. ಇವರದ್ದು ಮೂರು ಮೈಲಿ, ಸೈಕಲ್ ವೇಗ, ಒಂದೇ ರೈಲು. ಆದರೂ ಕೇಳಿದ್ದು ಒಳ್ಳೇದಾಯ್ತು. ಬ್ರೇಕು ಪ್ರತಿ ಬೋಗಿಯಲ್ಲೂ ಕೆಲಸ ಮಾಡಬೇಕು. ಕೊಳವೆಯ ಗಾಳಿ ಹೀರಿ ಕೆಲಸ ಮಾಡೋ ವ್ಯಾಕ್ಯೂಮ್ ಬ್ರೇಕ್ ಆದ್ರೆ ಮಾಪಕದಲ್ಲಿ 21 ಇಂಚು ನಿಲ್ತಿದೆಯಾ ನೋಡಿ. ರಬ್ಬರ್ ಕೊಳವೆಗಳು ನೋಡೋಕೆ ಚೆನ್ನಾಗಿದ್ದೇ ಮೋಸ ಮಾಡ್ತವೆ.

ಎರಡು ಶಿಳ್ಳೆ
ಮತ ಏನಾಯ್ತು? ಮೂರು ವಾರ ಆಗೋಯ್ತಲ್ಲ.

ಮೂರು ಮೈಲಿ ಹಳಿ
ತಡವಾಯ್ತು, ಕ್ಷಮಿಸಿ. ಮೊದಲು ಆ ಚೀಲಗಳು: ಕಲ್ನಾರೇ. ತರಬೇತಿ ಇದ್ದವರು ಬಂದು ತಗೊಂಡು ಹೋದರು, ಅಂಗಳ ಶುಚಿ ಮಾಡಿದರು. ಬಿಲ್ ನೋಡಿ ಎಲ್ಲರೂ ಸುಮ್ಮನಾದರು.

ಟಾರ್ಪಾಲು ಬಿಚ್ಚಿದಾಗ ಒಳಗಿಂದ ಬಂದ ವಾಸನೆ ಹೇಳೋದು ಬೇಡ. ದಬ್ಬಳ ತಗೊಂಡು ಹೋದೆ. ಒಂದು ಮತ್ತು ಎರಡನೇ ಬೋಗಿಯಲ್ಲಿ ಒಂದು ಗೆರೆಯಷ್ಟೂ ಹೋಗಲಿಲ್ಲ. ನಾಲ್ಕನೆಯದರಲ್ಲಿ ಅರ್ಧ ಇಂಚು. ಮೂರನೆಯದರಲ್ಲಿ ಹಿಡಿಯವರೆಗೂ ಹೋಯ್ತು, ಬೆಣ್ಣೆಗೆ ಚುಚ್ಚಿದ ಹಾಗೆ. ಅದನ್ನ ಸಭೆಗೆ ಬಂದವರೆಲ್ಲರ ಕೈಯಲ್ಲೂ ಮಾಡಿಸಿದೆ. ಭಾಷಣ ಮಾಡಲಿಲ್ಲ. ಆಮೇಲೆ ಮತ: ಶೆಡ್ಡಿಗೆ 27, ಇಂಜಿನ್ನಿಗೆ 9. ಇಂಜಿನ್ ಕಡೆಯವರಿಗೆ ಬಾಯ್ಲರ್ ಅಳೆಸೋದಕ್ಕೆ ಒಂದು ಪಾಲು ತೆಗೆದಿಟ್ಟಿದ್ದೀವಿ. ಚಿಮಣಿಗೆ ಮುಚ್ಚಳ ಬಂತು. ಆ ಒಂಬತ್ತರಲ್ಲಿ ನಾನೂ ಇದ್ದೆ, ಈಗ ಹೇಳ್ತಿದ್ದೀನಿ.

ತೇಗದ ತುಂಡು
ಅಯ್ಯೋ! ದಬ್ಬಳ ಹಿಡಿದು ಓಡಾಡಿದ್ದು ನೀವೇ!

ಮೂರು ಮೈಲಿ ಹಳಿ
ಚುಚ್ಚಿದ್ದು ಕಣ್ಣಾರೆ ಕಂಡ ಮೇಲೂ ಕೈ ಇಂಜಿನ್ನಿಗೇ ಎತ್ತಿತು, ಏನು ಮಾಡ್ಲಿ. ಸೋತಿದ್ದಕ್ಕೆ ಬೇಜಾರಿಲ್ಲ.

ಈಗ ಹೊಸ ತಲೆನೋವು. ಮೂರನೇ ಬೋಗಿಯ ತಳದ ಬೋಲ್ಟು ಬಿಚ್ಚೋಕೆ ಹೋದ್ರೆ ನಮ್ಮ ಯಾವ ಸ್ಪ್ಯಾನರೂ ಕೂರ್ತಿಲ್ಲ. ಒಂದು ಸಡಿಲ, ಇನ್ನೊಂದು ಹೋಗಲ್ಲ.

ಸುತ್ತಿಗೆ ಸದ್ದು
ವಿಟ್‌ವರ್ತ್. ಹಳೇ ಬ್ರಿಟಿಷ್ ಬೋಲ್ಟಿನ ಅಳತೆ ಅದು. ಮೆಟ್ರಿಕ್ ಸ್ಪ್ಯಾನರ್ ಒತ್ತಿ ಹಾಕಿ ಮೂಲೆ ಸವೆಸಬೇಡಿ. ಅದರ ತಿರುಪಿನ ಸುತ್ತುಗಳ ಕೋನವೇ 55 ಡಿಗ್ರಿ, ಮೆಟ್ರಿಕ್‌ನದು 60, ಹೊಸ ನಟ್ಟು ಬಲವಂತವಾಗಿ ತಿರುಗಿಸಿದರೂ ಕೂರಲ್ಲ. ಹಳೆಯದನ್ನ ಎಣ್ಣೆಯಲ್ಲಿ ನೆನೆಸಿಡಿ, ಒಂದನ್ನೂ ಬಿಸಾಡಬೇಡಿ.

ಲೆಕ್ಕಪತ್ರ
ನನ್ನ ಹತ್ರ ಒಂದು ಸೆಟ್ ಇದೆ, ಎರಡು ಅಳತೆ ಕಾಣೆ. ಕಳಿಸ್ತೀನಿ. ವಾಪಸ್ ಕೊಡಬೇಕು, ಬರೆದಿಟ್ಕೊಂಡಿರ್ತೀನಿ.

ಎರಡು ಶಿಳ್ಳೆ
ಕಾಣೆಯಾದ ಆ ಎರಡು ನನ್ನ ಹತ್ರ ಇರಬಹುದು 😬 ಹೋದ ವರ್ಷ ತಗೊಂಡಿದ್ದೆ.

ಲೆಕ್ಕಪತ್ರ
ಹೋದ ವರ್ಷ ಅಲ್ಲ. ಅದರ ಹಿಂದಿನ ವರ್ಷ.